ಹೆಸರಿಲ್ಲದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಸಿಕ್ಕರೆ: ಕೊಳ್ಳುವುದು, ಬಿಚ್ಚುವುದು, ನುಡಿಸುವುದು

ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿದ್ದು ದಾವಣಗೆರೆಯ ಮಂಡಿಪೇಟೆಯ ಒಂದು ಗೋದಾಮಿನಲ್ಲಿ, ಖಾಲಿ ಗೋಣಿಚೀಲಗಳ ಹಿಂದೆ. ನಮ್ಮ ಮಾಮನ ಆರ್ಕೆಸ್ಟ್ರಾದ ಗಿಟಾರ್ ಅದು. ಗಣೇಶನ ಹಬ್ಬ, ದುಗ್ಗಮ್ಮನ ಜಾತ್ರೆ, ಮದುವೆ ಅಂತ ಒಂದು ಕಾಲಕ್ಕೆ ಬಿಡುವಿಲ್ಲದೆ ನುಡಿಸಿದ ತಂಡ. ಕೀಬೋರ್ಡ್ ಒಂದೇ ಎಲ್ಲ ವಾದ್ಯದ ಕೆಲಸ ಮಾಡತೊಡಗಿದ ಮೇಲೆ ಗಿಟಾರ್ ಮೂಲೆ ಸೇರಿತ್ತು. ಕೆಂಪು ಬಣ್ಣ, ತಂತಿಯ ಕಂಪನವನ್ನು ಕರೆಂಟಾಗಿಸುವ ಮೂರು ಪಿಕಪ್, ಮನೆಯ ಲೈಟಿನ ಸ್ವಿಚ್ಚಿನ ಹಾಗೆ ಮೇಲೆ ಕೆಳಗೆ ಆಡುವ ಮೂರು ಸ್ವಿಚ್ಚು. ತಲೆಯ ಮೇಲೆ ಕಂಪನಿ ಹೆಸರಿನ ಪಟ್ಟಿ ಇದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿದ್ದವು. "ತಗಂಡ್ ಹೋಗಪ್ಪ, ಅದು ಮಾತಾಡೋದು ಬಿಟ್ಟು ಬಾಳ ವರ್ಷ ಆತು" ಅಂದರು ಮಾಮ.

ಮನೆಗೆ ತಂದ ರಾತ್ರಿಯೇ ನಾನೊಂದು ತಪ್ಪು ಮಾಡಿದೆ. ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕುತ್ತಿಗೆಯ, ತುದಿಯಲ್ಲಿ ತಂತಿ ಕೂರುವ ನಟ್ ಇರುತ್ತದಲ್ಲ, ಅದಕ್ಕೆ ಒತ್ತಿಕೊಂಡ ಹಾಗೆ ಒಂದು ಫ್ರೆಟ್, ಅಂದರೆ ಬೆರಳಿಡುವ ಜಾಗಗಳನ್ನು ಬೇರೆ ಮಾಡುವ ಅಡ್ಡ ಲೋಹದ ಪಟ್ಟಿ, ಇತ್ತು. ಅಲ್ಲಿವರೆಗೆ ನಾನು ನೋಡಿದ ಯಾವ ಗಿಟಾರಿನಲ್ಲೂ ಅದು ಇರಲಿಲ್ಲ. ಫ್ಯಾಕ್ಟರಿಯವರು ಒಂದು ಜಾಸ್ತಿ ಹೊಡೆದಿದ್ದಾರೆ ಅಂದುಕೊಂಡು ಇಕ್ಕಳ ತಂದು ಕಿತ್ತೆ. ಆಮೇಲೆ ತಂತಿ ಹಾಕಿದರೆ ಆರಕ್ಕೆ ಆರೂ ಮೊದಲ ಫ್ರೆಟ್ಟಿಗೆ ತಾಗಿ ಝರ್ ಅನ್ನತೊಡಗಿದವು. ಅದರ ಹೆಸರು ಝೀರೋ ಫ್ರೆಟ್. ತಂತಿಯ ಎತ್ತರ ನಿಲ್ಲುವುದೇ ಅದರ ಮೇಲೆ. ನಟ್ ಅಲ್ಲಿ ತಂತಿಗಳನ್ನು ಸಾಲಾಗಿ ಹಿಡಿದಿಡುವ ಬಾಚಣಿಗೆ, ಅಷ್ಟೇ. ಇದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಮೋಸ್‌ರೈಟ್, ಫ್ರಾಮಸ್, ಗ್ರೆಚ್‌ನಂಥ ಕಂಪನಿಗಳ ಎಷ್ಟೋ ಗಿಟಾರ್‌ಗಳಲ್ಲಿ ಝೀರೋ ಫ್ರೆಟ್ ಇದೆ ಅನ್ನುವುದು ಗೊತ್ತಾಗಿದ್ದು ಇನ್ನೂ ಆಮೇಲೆ.

ಆಮೇಲೆ ಇಂಥ ಒಂದಷ್ಟು ಗಿಟಾರ್ ನನ್ನ ಕೈ ದಾಟಿವೆ. ವಿಚಿತ್ರ ಅಂತ ಕಂಡಿದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದಲ್ಲ, ಯಾರೋ ಯೋಚಿಸಿಯೇ ಇಟ್ಟಿದ್ದು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಸ್ಕ್ರೂಡ್ರೈವರ್ ತಡವಾಗಿ ಬರುತ್ತದೆ.

ಮೊದಲು ಅದರ ಜಾತಕ ನೋಡಿ

ಎಲೆಕ್ಟ್ರಿಕ್ ಗಿಟಾರ್ ಅಂದ ತಕ್ಷಣ ಕಣ್ಣಿಗೆ ಬರುವುದು ಎರಡು ಮೂರು ಆಕಾರ. ಫೆಂಡರ್ ಸ್ಟ್ರಾಟೋಕ್ಯಾಸ್ಟರ್, ಟೆಲಿಕ್ಯಾಸ್ಟರ್, ಗಿಬ್ಸನ್ ಲೆಸ್ ಪಾಲ್. ಈಗಿನ ಅಗ್ಗದ ಗಿಟಾರ್‌ಗಳೂ ಹೆಚ್ಚಾಗಿ ಇವುಗಳ ನಕಲೇ. ಆದರೆ 1950ರಿಂದ 1980ರ ನಡುವೆ ಗಿಟಾರ್ ಹೀಗೇ ಇರಬೇಕು ಅನ್ನುವ ಕಟ್ಟುಪಾಡು ಗಟ್ಟಿಯಾಗಿರಲಿಲ್ಲ. ಒಬ್ಬೊಬ್ಬರೂ ತಮ್ಮ ಕೈಗೆ ಸಿಕ್ಕ ಸಾಮಾನಿನಲ್ಲಿ, ತಮಗೆ ಗೊತ್ತಿದ್ದ ಕಸುಬಿನಿಂದ ಗಿಟಾರ್ ಕಟ್ಟಿದರು.

ಡ್ಯಾನ್‌ಎಲೆಕ್ಟ್ರೋ ನೋಡಿ. ಅಮೆರಿಕದ ನ್ಯೂ ಜೆರ್ಸಿಯಲ್ಲಿ ನೇಥನ್ ಡೇನಿಯಲ್ 1947ರಲ್ಲಿ ಶುರು ಮಾಡಿದ ಕಂಪನಿ ಅದು. ಅವರ ಗಿಟಾರಿನ ಮೈ ಗಟ್ಟಿ ಮರವಲ್ಲ. ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಹಾಳೆ, ಪಕ್ಕಕ್ಕೆ ಅಂಟಿಸಿದ ಪಟ್ಟಿ. ಪಿಕಪ್ ಇರುವುದು ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಯೊಳಗೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾದ ಲಿಪ್‌ಸ್ಟಿಕ್ ಡಬ್ಬಿಯ ಕೊಳವೆಗಳೇ. ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಸದ್ದು ಇನ್ನಷ್ಟು ಜೋರಾಗುತ್ತದೆ. ಬೇರೆ ಗಿಟಾರ್‌ಗಳಲ್ಲಿ ಪಿಕಪ್‌ಗಳು ಪ್ಯಾರಲಲ್ ಆಗಿ ಸೇರುತ್ತವೆ, ಇಲ್ಲಿ ಸೀರೀಸ್ ಆಗಿ, ಅಂದರೆ ಒಂದರ ಹಿಂದೆ ಒಂದು. ಇದೇ ಕಂಪನಿ ಅಮೆರಿಕದ ಸಿಯರ್ಸ್ ಅಂಗಡಿಗಳಿಗೆ ಸಿಲ್ವರ್‌ಟೋನ್ ಹೆಸರಿನಲ್ಲಿ ಗಿಟಾರ್ ಮಾಡಿಕೊಡುತ್ತಿತ್ತು. ಅದರಲ್ಲೊಂದನ್ನು ಇಟ್ಟು ಒಯ್ಯುವ ಪೆಟ್ಟಿಗೆಯೊಳಗೇ ಆಂಪ್ (ಸದ್ದು ಜೋರು ಮಾಡುವ ಆಂಪ್ಲಿಫೈಯರ್) ಮತ್ತು ಸ್ಪೀಕರ್ ಇರುತ್ತಿತ್ತು. ಬಡ ಹುಡುಗರ ಗಿಟಾರ್ ಅಂತ ಮಾರಿದ್ದನ್ನು ಮುಂದೆ ಲೆಡ್ ಝೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ವೇದಿಕೆಯ ಮೇಲೆ ನುಡಿಸಿದರು.

ಇಟಲಿಯ ಎಕೋ, ಸ್ವೀಡನ್ನಿನ ಹಾಗ್‌ಸ್ಟ್ರಾಮ್ ಕಥೆ ಬೇರೆ. ಇವರಿಬ್ಬರ ಮೂಲ ಅಕಾರ್ಡಿಯನ್ ಕಸುಬು. ಹಾಗಾಗಿ 1960ರ ಸುಮಾರಿನ ಅವರ ಗಿಟಾರ್‌ಗಳಿಗೆ ಅಕಾರ್ಡಿಯನ್ನಿನ ಮಿರಿಮಿರಿ ಪ್ಲಾಸ್ಟಿಕ್ ಹೊದಿಕೆಯನ್ನೇ ಹಾಕಿದರು. ಎಕೋದಲ್ಲಿ ಪಿಕಪ್ ಬದಲಾಯಿಸಲು ಸಾಲಾಗಿ ಒತ್ತುವ ಗುಂಡಿಗಳಿವೆ. ಅಕಾರ್ಡಿಯನ್ ನುಡಿಸುವವನಿಗೆ ಅದು ಸಹಜ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಹಾರ್ಮೋನಿಯಂ, ಅಕಾರ್ಡಿಯನ್ ನುಡಿಸಿದವರಿಗೂ ಇದು ಬೇಗ ಅರ್ಥವಾದೀತು.

ಜಪಾನಿನ ಟೈಸ್ಕೋ ನನ್ನ ಅಚ್ಚುಮೆಚ್ಚು. 1946ರಲ್ಲಿ ಹುಟ್ಟಿ, 1967ರಲ್ಲಿ ಕವಾಯ್ ಕಂಪನಿಯ ಕೈಸೇರಿತು. ಒಂದೊಂದು ಪಿಕಪ್ಪಿಗೆ ಒಂದೊಂದು ಸ್ವಿಚ್, ಕೆಲವಕ್ಕೆ ನಾಲ್ಕು ಪಿಕಪ್. ಮೇಲ್ಭಾಗದಲ್ಲಿ ಚಿನ್ನದ ಬಣ್ಣದ ಹಾಳೆ ಇರುವ ಇವರ ಪಿಕಪ್‌ಗೆ 'ಗೋಲ್ಡ್ ಫಾಯಿಲ್' ಅನ್ನುವ ಹೆಸರೇ ಬಿದ್ದಿದೆ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಸ್ಟ್ರಾಟೋಕ್ಯಾಸ್ಟರಿಗೆ ಟೈಸ್ಕೋದ ಇಂಥ ಪಿಕಪ್ ಹಾಕಿಸಿಕೊಂಡ ಮೇಲೆ, ಪಿಕಪ್ಪಿಗಾಗಿಯೇ ಇಡೀ ಗಿಟಾರ್ ಕೊಂಡು ಮಿಕ್ಕಿದ್ದನ್ನು ಬಿಸಾಕುವ ಜನ ಹುಟ್ಟಿಕೊಂಡರು. ಪಾಪದ ಕೆಲಸ ಅದು.

ಜಪಾನಿನ ಇನ್ನೊಂದು ಹೆಸರು ಮಾತ್ಸುಮೋಕು. ಸಿಂಗರ್ ಹೊಲಿಗೆ ಯಂತ್ರಕ್ಕೆ ಮರದ ಕ್ಯಾಬಿನೆಟ್ ಮಾಡುತ್ತಿದ್ದ ಕಾರ್ಖಾನೆ. ಆಮೇಲೆ ಏರಿಯಾ ಪ್ರೋ 2, ವೆಸ್ಟೋನ್, ವಾಂಟೇಜ್ ಹೆಸರಿನ ಗಿಟಾರ್‌ಗಳನ್ನು ಮಾಡಿತು. 1987ರಲ್ಲಿ ಮುಚ್ಚಿತು. ತಲೆಯ ಮೇಲಿನ ಹೆಸರು ಏನೇ ಇರಲಿ, ಮರಗೆಲಸ ನೋಡಿದರೆ ಹಳೆಯ ಹೊಲಿಗೆ ಯಂತ್ರದ ಪೆಟ್ಟಿಗೆಯ ಅಚ್ಚುಕಟ್ಟು ಕಾಣುತ್ತದೆ.

ದೊಡ್ಡ ಕಂಪನಿಗಳಲ್ಲೂ ಮಾರಾಟವಾಗದ ಮಕ್ಕಳಿದ್ದಾರೆ. ಫೆಂಡರ್ 1958ರಲ್ಲಿ ಜಾಝ್‌ಮಾಸ್ಟರ್ ತಂದಿತು. ಜಾಝ್ ನುಡಿಸುವವರು ಅದನ್ನು ಮೂಸಿಯೂ ನೋಡಲಿಲ್ಲ. ಕಡಲತೀರದ ಸರ್ಫ್ ಸಂಗೀತದ ಹುಡುಗರು ಎತ್ತಿಕೊಂಡರು. ಅದೇ ವರ್ಷ ಗಿಬ್ಸನ್ ತಂದ ಫ್ಲೈಯಿಂಗ್ ವಿ ಮೊದಲ ಸುತ್ತಿನಲ್ಲಿ ನೂರು ಕೂಡ ಹೋಗಲಿಲ್ಲ. ಪೀವಿ ಕಂಪನಿ 1978ರಲ್ಲಿ ತಂದ ಟಿ-60ರಲ್ಲಿ ಟೋನ್ ಕಂಟ್ರೋಲ್ ಪೂರ್ತಿ ಏರಿಸಿದರೆ ಪಿಕಪ್ಪಿನೊಳಗಿನ ಎರಡು ತಂತಿಸುತ್ತು ಅಥವಾ ಕಾಯಿಲ್‌ಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಸ್ವಲ್ಪ ಇಳಿಸಿದರೆ ಎರಡನೆಯದೂ ಸೇರಿ ಸದ್ದು ದಪ್ಪವಾಗುತ್ತದೆ. ಗೊತ್ತಿಲ್ಲದವರು ಪಾಟ್ (ಗುಂಡಿಯ ಕೆಳಗಿನ ತಿರುಗುವ ಕಂಟ್ರೋಲ್) ಕೆಟ್ಟಿದೆ ಅಂತ ಬದಲಾಯಿಸಿಬಿಡುತ್ತಾರೆ.

ಇನ್ನು ನಮ್ಮವು. 1991ಕ್ಕೆ ಮುಂಚೆ ಹೊರದೇಶದ ವಾದ್ಯ ತರಿಸುವುದು ಸುಲಭವಿರಲಿಲ್ಲ. ಕೋಲ್ಕತಾದ ಗಿವ್ಸನ್‌ನಂಥ ದೇಶಿ ಗಿಟಾರ್‌ಗಳೇ ಆರ್ಕೆಸ್ಟ್ರಾಗಳ ಆಸರೆ. ಹೆಸರು ಕೇಳಿ ನಗಬೇಡಿ. ಎಷ್ಟು ಊರುಗಳ ಎಷ್ಟು ಹುಡುಗರ ಬೆರಳು ಅವುಗಳ ಮೇಲೆಯೇ ಗಟ್ಟಿಯಾಗಿವೆ.

ಎಲ್ಲಿ ಹುಡುಕುವುದು

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ. ನಿಂತುಹೋದ ಆರ್ಕೆಸ್ಟ್ರಾಗಳ ಮಾಲೀಕರು, ಸೌಂಡ್ ಸಿಸ್ಟಂ ಬಾಡಿಗೆ ಕೊಡುವವರು, ಚರ್ಚಿನ ಹಳೆಯ ವಾದ್ಯಗಳ ಕೋಣೆ, ಶಾಲೆ ಕಾಲೇಜಿನ ಸ್ಟೋರ್ ರೂಮು. ಗುಜರಿ ಅಂಗಡಿಯವನಿಗೂ ಒಂದು ಮಾತು ಹೇಳಿಟ್ಟಿರಿ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ನನಗೆ ಸಿಕ್ಕವೆಲ್ಲ ಬಾಯಿಮಾತಿನಲ್ಲೇ ಸಿಕ್ಕವು. ಆನ್‌ಲೈನಿನಲ್ಲಿ ಫೋಟೋ ನೋಡಿ ದುಡ್ಡು ಹಾಕಬೇಡಿ. ಹಳೆಯ ಗಿಟಾರಿನ ನೆಕ್ ಫೋಟೋದಲ್ಲಿ ಯಾವಾಗಲೂ ನೆಟ್ಟಗೇ ಇರುತ್ತದೆ.

ಕೊಳ್ಳುವ ಮುಂಚೆ ಕಾಲು ಗಂಟೆ

ಜೇಬಿನಲ್ಲಿ ಮೂರು ಸಾಮಾನು ಇಟ್ಟುಕೊಂಡು ಹೋಗಿ: ಒಂದು ಗಿಟಾರ್ ಕೇಬಲ್, ಒಂದು ಮಲ್ಟಿಮೀಟರ್, ಒಂದು ಅಳತೆ ಟೇಪು. ಆಂಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ನೆಕ್ ಮೊದಲು. ಗಿಟಾರನ್ನು ಬಂದೂಕಿನ ಹಾಗೆ ಹಿಡಿದು, ಮೈಯ ಮೇಲೆ ತಂತಿ ಕೂರುವ ಬ್ರಿಜ್ ಕಡೆಯಿಂದ ಒಂದು ಕಣ್ಣಲ್ಲಿ ನೋಡಿ. ಸ್ವಲ್ಪವೇ ಮುಂದಕ್ಕೆ ಬಾಗಿದ್ದರೆ ತೊಂದರೆಯಿಲ್ಲ. ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದರೆ ಬಿಟ್ಟುಬಿಡಿ, ಎಷ್ಟು ಚಂದ ಇದ್ದರೂ. ನೆಕ್ಕಿನ ಬಾಗು ಸರಿಪಡಿಸುವ ಟ್ರಸ್ ರಾಡ್ ಇದೆಯಾ ನೋಡಿ. ತಲೆಯ ಹತ್ತಿರ ಚಿಕ್ಕ ಮುಚ್ಚಳದ ಕೆಳಗೋ, ನೆಕ್ಕಿನ ಬುಡದಲ್ಲೋ ಅದನ್ನು ತಿರುಗಿಸುವ ತಿರುಪು ಇರುತ್ತದೆ. ಎಷ್ಟೋ ಹಳೆಯ ಅಗ್ಗದ ಗಿಟಾರ್‌ಗಳಲ್ಲಿ ಅದು ಇರುವುದೇ ಇಲ್ಲ. ಒಳಗೆ ಬರೀ ಉಕ್ಕಿನ ಪಟ್ಟಿ ಇರುತ್ತದೆ, ತಿರುಗಿಸುವಂಥದ್ದು ಏನೂ ಇಲ್ಲ. ಅಂಥ ನೆಕ್ ಇಷ್ಟು ವರ್ಷ ನೆಟ್ಟಗೆ ನಿಂತಿದ್ದರೆ ಇನ್ನು ಮುಂದೆಯೂ ನಿಂತೀತು. ಈಗಾಗಲೇ ಬಾಗಿದ್ದರೆ ಅದನ್ನು ಸರಿ ಮಾಡುವುದು ಮನೆಯ ಕೆಲಸವಲ್ಲ.

ಆಮೇಲೆ ಪಿಕಪ್. ಕೇಬಲ್ಲಿನ ಒಂದು ತುದಿ ಗಿಟಾರಿಗೆ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ. ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೂ ಕೊಳವೆಗೂ ಮೀಟರಿನ ಕಡ್ಡಿ ಹಿಡಿದು ಓಮ್ ನೋಡಿ. ಒಂದೊಂದೇ ಪಿಕಪ್ ಆನ್ ಮಾಡುತ್ತಾ ಹೋಗಿ. ಸಾಮಾನ್ಯ ಸಿಂಗಲ್ ಕಾಯಿಲ್ 4ರಿಂದ 8 ಕಿಲೋ ಓಮ್ ತೋರಿಸುತ್ತದೆ. ಎರಡು ಕಾಯಿಲ್ ಇರುವ ಹಂಬಕರ್ 7ರಿಂದ 10ರ ಹತ್ತಿರ, ಕೆಲವು ಅದಕ್ಕೂ ಜಾಸ್ತಿ. ನೂರಾರು ಕಿಲೋ ಓಮ್ ಬಂದರೆ ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟನ್ನು. ಆ ಪಿಕಪ್ ಒಂದೋ ಆಫ್ ಆಗಿದೆ, ಇಲ್ಲವೇ ಒಳಗಿನ ತಂತಿ ಕಡಿದಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ.

ಇಲ್ಲಿ ಆತುರ ಬೇಡ. ಗಿಟಾರ್ ಮಾತಾಡುತ್ತಿಲ್ಲ ಅಂದರೆ ಸತ್ತಿದೆ ಅಂತಲ್ಲ. ಟೈಸ್ಕೋ ತರಹದವುಗಳಲ್ಲಿ ಎಲ್ಲ ಸ್ವಿಚ್ಚೂ ಆಫ್ ಇದ್ದರೆ ಸದ್ದೇ ಇರುವುದಿಲ್ಲ. ಫೆಂಡರ್ ಜಾಗ್ವಾರ್‌ನಲ್ಲಿ ಮೇಲುಗಡೆ ಒಂದು ಸ್ಲೈಡ್ ಸ್ವಿಚ್ ಇದೆ. ಅದು ಒಂದು ಕಡೆ ಇದ್ದರೆ ಕೆಳಗಿನ ಎಲ್ಲ ಗುಂಡಿಗಳೂ ಸುಮ್ನೆ, ನೆಕ್ ಪಿಕಪ್ ಮಾತ್ರ ಮಂಕಾಗಿ ಕೇಳುತ್ತದೆ. ಫೆಂಡರಿನದೇ ಮುಸ್ಟಾಂಗ್‌ನಲ್ಲಿ ಒಂದೊಂದು ಪಿಕಪ್ಪಿಗೂ ಮೂರು ಸ್ಥಾನದ ಸ್ಲೈಡ್: ನಡುವೆ ಆಫ್, ಎರಡೂ ತುದಿಯಲ್ಲಿ ಆನ್. ಎರಡು ಪಿಕಪ್ಪಿನ ಸ್ಲೈಡ್ ಎದುರುಬದುರು ಇಟ್ಟರೆ ಫೇಸ್ ತಿರುಗಿ, ಅಂದರೆ ಒಂದರ ಅಲೆ ಇನ್ನೊಂದರದಕ್ಕೆ ಎದುರಾಗಿ, ಸದ್ದು ಕೀರಲಾಗುತ್ತದೆ. ಮಾಮನ ಗಿಟಾರ್ "ಮಾತಾಡೋದು ಬಿಟ್ಟಿದ್ದು" ಯಾಕೆ ಗೊತ್ತಾ? ಮೂರು ಸ್ವಿಚ್ಚಿನಲ್ಲಿ ಎರಡು ಆಫ್ ಇದ್ದವು, ಮೂರನೆಯದರ ಒಳಗೆ ಧೂಳು ತುಂಬಿತ್ತು. ಅಷ್ಟೇ.

ಕಡೆಯದಾಗಿ ಸ್ಕ್ರೂ, ಬ್ರಿಜ್, ಸ್ವರ ಅಲುಗಿಸುವ ಟ್ರೆಮೊಲೊದ ಕೈ, ಗುಂಡಿ ಎಲ್ಲ ಇವೆಯಾ ಎಣಿಸಿ. ಸ್ಟ್ರಾಟೋಕ್ಯಾಸ್ಟರಿನ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಎಕೋದ ಒಂದು ಒತ್ತುಗುಂಡಿ ಕಳೆದಿದ್ದರೆ ಅದಕ್ಕೆ ಮದ್ದಿಲ್ಲ. ಬೆಲೆ ಮಾತಾಡುವಾಗ ಇದನ್ನೇ ಮುಂದಿಡಿ.

ಬಿಚ್ಚುವ ಮುಂಚೆ ಫೋಟೋ

ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಒಳಗಿನ ವೈರಿಂಗ್ ಬಿಚ್ಚಿದ ಮೇಲೆ ಮತ್ತೊಮ್ಮೆ. ಬ್ರಿಜ್ ಮೈಗೆ ಸ್ಕ್ರೂ ಹಾಕಿ ಕೂರಿಸಿದ್ದಲ್ಲದೆ ಸುಮ್ನೆ ತಂತಿಯ ಒತ್ತಡದಲ್ಲಿ ನಿಂತಿದ್ದರೆ, ಅದರ ನಾಲ್ಕೂ ಮೂಲೆಗೆ ಬಣ್ಣಕ್ಕೆ ಹಿಡಿಯದ ಕಾಗದದ ಟೇಪು ಅಂಟಿಸಿ ಗುರುತು ಮಾಡಿ. ತಂತಿ ಬಿಚ್ಚಿದ ಕೂಡಲೇ ಅದು ಜಾರಿ ಬೀಳುತ್ತದೆ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ನಾನು ಮಾತ್ರೆ ಹಾಳೆಯ ಖಾಲಿ ಗುಳಿಗಳಲ್ಲಿ ಒಂದೊಂದು ಜಾಗದ ಸ್ಕ್ರೂ ಹಾಕಿ ಮೇಲೆ ಟೇಪು ಹಚ್ಚುತ್ತೇನೆ.

ಒರೆಸುವುದು

ಒಣ ಹತ್ತಿ ಬಟ್ಟೆಯಿಂದ ಶುರು ಮಾಡಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನಲ್ಲಿ ಹತ್ತಿ ಬಟ್ಟೆಗೇನು ಬರ? ಆಮೇಲೆ ಸ್ವಲ್ಪವೇ ತೇವ ಮಾಡಿದ ಬಟ್ಟೆ. ಥಿನ್ನರ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರವೂ ತರಬೇಡಿ. ಹಳೆಯ ಲ್ಯಾಕರ್ (ಮೈಯ ಮೇಲಿನ ಹೊಳಪಿನ ಲೇಪ), ಪ್ಲಾಸ್ಟಿಕ್ ಎರಡೂ ಕರಗಿ ಅಂಟಂಟಾಗುತ್ತವೆ.

ಫ್ರೆಟ್‌ಬೋರ್ಡ್ ಬಹುಪಾಲು ಬೀಟೆ ಮರದ್ದು. ನಮ್ಮ ಮಲೆನಾಡಿನ ಬೀಟೆಯೇ ಜಗತ್ತಿನ ಎಷ್ಟೋ ಗಿಟಾರ್‌ಗಳ ಮೇಲೆ ಕೂತಿದೆ. ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ಬೇಕು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡವೇ ಬೇಡ. ಕೆಲವು ತಿಂಗಳಿಗೆ ಕಮಟು ವಾಸನೆ ಬರುತ್ತದೆ, ಜಿಡ್ಡು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಬರೀ ಲಿಕ್ವಿಡ್ ಪ್ಯಾರಾಫಿನ್ ಕೇಳಿ. ಬೇರೇನೂ ಬೆರೆಸಿರಬಾರದು. ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಹೊಳೆಯುವ ವಾರ್ನಿಶ್ ಹಚ್ಚಿದ ತಿಳಿ ಬಣ್ಣದ ಮೇಪಲ್ ಬೋರ್ಡಿಗೆ ಇದು ಬೇಕಿಲ್ಲ.

ಟ್ಯೂನಿಂಗ್ ಕೀಗಳ ಹಲ್ಲುಚಕ್ರಕ್ಕೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ. ಎಷ್ಟೋ ಸಲ ಕೀ ಕೆಟ್ಟಿರುವುದಿಲ್ಲ, ಒಣಗಿರುತ್ತದೆ. ಆದರೆ ಗಿಟಾರ್ ಶ್ರುತಿ ನಿಲ್ಲದಿರಲು ಕೀಗಿಂತ ನಟ್ಟಿನ ಕಚ್ಚೇ ಹೆಚ್ಚಾಗಿ ಕಾರಣ. ತಂತಿ ಅದರಲ್ಲಿ ಸಿಕ್ಕಿಕೊಂಡು ಟಿಕ್ ಅಂತ ಜಾರುತ್ತದೆ. 2ಬಿ ಪೆನ್ಸಿಲಿನ ಸೀಸ ಕಚ್ಚಿನೊಳಗೆ ತಿಕ್ಕಿ. ಐದು ರೂಪಾಯಿಯ ರಿಪೇರಿ.

ನೆಕ್, ಬ್ರಿಜ್, ತಂತಿಯ ಎತ್ತರ

ಈಗ ಹೊಸ ತಂತಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಗಿಟಾರ್‌ಗಳು ಹುಟ್ಟಿದ ಕಾಲದಲ್ಲಿ ತಂತಿಗಳು ದಪ್ಪವಾಗಿದ್ದವು. ಜಾಝ್‌ಮಾಸ್ಟರ್, ಜಾಗ್ವಾರ್‌ಗಳ ಬ್ರಿಜ್ ಆ ದಪ್ಪ ತಂತಿಯ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಈಗಿನ 0.009 ಇಂಚಿನಿಂದ ಶುರುವಾಗುವ ತೆಳು ತಂತಿಯ ಸೆಟ್ ಹಾಕಿದರೆ ಬ್ರಿಜ್ ಗಿಲಿಗಿಲಿ ಅನ್ನುತ್ತದೆ, ತಂತಿ ಕಚ್ಚಿನಿಂದ ಹಾರುತ್ತದೆ. ಜನ ಬ್ರಿಜ್ ಬದಲಾಯಿಸಲು ಓಡುತ್ತಾರೆ. ಮೊದಲು 0.011ರ ಸೆಟ್ ಹಾಕಿ ನೋಡಿ. ಜಾಗ್ವಾರ್ ತರಹದ 24 ಇಂಚಿನ ಗಿಡ್ಡ ಸ್ಕೇಲಿನಲ್ಲಿ (ನಟ್ಟಿನಿಂದ ಬ್ರಿಜ್ಜಿನವರೆಗಿನ ತಂತಿಯ ಉದ್ದ) ಅದು ಬೆರಳಿಗೆ ಅಷ್ಟೇನೂ ಬಿಗಿ ಅನ್ನಿಸುವುದಿಲ್ಲ. ಆದರೆ ಟ್ರಸ್ ರಾಡ್ ಇಲ್ಲದ ಸಣಕಲು ನೆಕ್ಕಿಗೆ ದಪ್ಪ ತಂತಿ ಬೇಡ. ಅದಕ್ಕೆ 0.010 ಸಾಕು.

ಶ್ರುತಿ ಮಾಡಿದ ಮೇಲೆ ನೆಕ್ಕಿನ ಬಾಗು ಅಳೆಯಿರಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕಡೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ಏಳನೆಯ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಬೇಕಿಲ್ಲ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಒಂದು ಸುಮಾರು 0.1 ಮಿ.ಮೀ. ದಪ್ಪ. ಎರಡು ಹಾಳೆ ಸಲೀಸಾಗಿ ಹೋಗಬೇಕು, ನಾಲ್ಕು ಹಾಕಿದರೆ ತಂತಿ ಎತ್ತಿಕೊಳ್ಳಬೇಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ನೋಡಿ. ಬಿಗಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ರಾಡ್ ಮುರಿದರೆ ಗಿಟಾರೇ ಹೋದಂತೆ.

ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2 ಮಿ.ಮೀ., ತೆಳು ತಂತಿ ಸುಮಾರು 1.6 ಮಿ.ಮೀ. ಎತ್ತರ ಇದ್ದರೆ ಆರಾಮ. ಬ್ರಿಜ್ ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಇದ್ದರೆ ನೆಕ್ಕಿನ ಕೋನ ತಪ್ಪಿದೆ ಅಂತ ಅರ್ಥ. ಸ್ಕ್ರೂ ಹಾಕಿ ಕೂರಿಸಿದ ನೆಕ್ ಆದರೆ ಇದು ಸುಲಭ. ತಂತಿ ಸಡಿಲ ಮಾಡಿ, ನೆಕ್ ಬಿಚ್ಚಿ, ಅದು ಕೂರುವ ಗುಳಿಯಲ್ಲಿ ಮೈಯ ನಡುವಿನ ಕಡೆಗೆ, ಅಂದರೆ ಪಿಕಪ್ ಹತ್ತಿರದ ಅಂಚಿಗೆ, ಒಂದು ಸಣ್ಣ ದಪ್ಪ ಕಾಗದದ ತುಂಡು ಇಡಿ. ನಾನು ಹಳೆಯ ಲಗ್ನಪತ್ರಿಕೆ ಕತ್ತರಿಸಿ ಇಡುತ್ತೇನೆ. ಇದೇನು ಜುಗಾಡ್ ಅನ್ನಬೇಡಿ, ಫೆಂಡರ್ ಫ್ಯಾಕ್ಟರಿಯಲ್ಲೇ ಹೀಗೆ ತುಂಡು ಇಟ್ಟು ಕಳಿಸುತ್ತಿದ್ದರು. ಒಂದು ತುಂಡಿಗೆ ಬ್ರಿಜ್ ಹತ್ತಿರ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಸಡಿಲ ಬ್ರಿಜ್ ಇದ್ದರೆ ಅದರ ಜಾಗ ಹುಡುಕಬೇಕು. ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಜ್ಜಿಗೆ ಅಷ್ಟೇ ದೂರ, ಮೇಲೆ ಒಂದೆರಡು ಮಿ.ಮೀ. ಝೀರೋ ಫ್ರೆಟ್ ಇದ್ದರೆ ಅಳತೆ ಅದರಿಂದಲೇ, ನಟ್ಟಿನಿಂದ ಅಲ್ಲ. ಆಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತದೆ ಮುಟ್ಟಿ ಬರುವ ಹಾರ್ಮೋನಿಕ್ ಸ್ವರವನ್ನೂ, ಅಲ್ಲೇ ಒತ್ತಿ ಬರುವ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಜ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಡ್ಯಾನ್‌ಎಲೆಕ್ಟ್ರೋದಂತೆ ಆರೂ ತಂತಿಗೆ ಒಂದೇ ಮರದ ಪಟ್ಟಿ ಇದ್ದರೆ ಆರೂ ಸರಿ ಬರುವುದಿಲ್ಲ. ಎರಡು ಹೊರತಂತಿ ಸರಿ ಮಾಡಿ, ಉಳಿದವುಗಳ ಜೊತೆ ರಾಜಿ ಮಾಡಿಕೊಳ್ಳಿ. ಆ ರಾಜಿಯ ಸಣ್ಣ ಹುಳಿಯೇ ಆ ಗಿಟಾರಿನ ರುಚಿ ಅನ್ನುವುದು ನನ್ನ ಅಭಿಪ್ರಾಯ. ಟ್ಯೂನರ್ ಒಪ್ಪುವುದಿಲ್ಲ.

ನಾನು ಕಿತ್ತ ಝೀರೋ ಫ್ರೆಟ್ಟಿನ ಕಥೆ ಅಲ್ಲಿಗೇ ಬಿಟ್ಟಿದ್ದೆ. ಬೆಂಗಳೂರಿನಿಂದ ಒಂದು ತುಂಡು ಫ್ರೆಟ್ ತಂತಿ ತರಿಸಿ, ಮಿಕ್ಕ ಫ್ರೆಟ್‌ಗಳಿಗಿಂತ ಕೂದಲೆಳೆ ಎತ್ತರ ಇರುವ ಹಾಗೆ ಕೂರಿಸಿದೆ. ಅದು ಕೂರುವ ಕಚ್ಚು ಸಡಿಲವಾಗಿತ್ತು, ಅಂಟು ಹಾಕಬೇಕಾಯಿತು. ಹಳೆಯದನ್ನು ಬಿಸಾಕದೆ ಇಟ್ಟಿದ್ದರೆ ಅದನ್ನೇ ಹಾಕಬಹುದಿತ್ತು.

ಗುಂಯ್ ಸದ್ದು, ಕರಕರ ಸದ್ದು

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಪಾಟ್ ಬದಲಾಯಿಸಬೇಡಿ. ಮೊಬೈಲ್ ರಿಪೇರಿಯವರು ಬಳಸುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಒಳಗೆ ಹೊಡೆದು ಮೂವತ್ತು ಸಲ ತಿರುಗಿಸಿ. ಸ್ವಿಚ್ಚಿಗೂ ಇದೇ ಮದ್ದು. ನಿಜವಾಗಿ ಸತ್ತಿದ್ದರೆ ಮಾತ್ರ ಹೊಸದು. ಆಗ ಅಳತೆ ನೋಡಿ. ಗಿಟಾರಿಗೆ ಸಾಮಾನ್ಯವಾಗಿ 250ಕೆ ಅಥವಾ 500ಕೆ ಪಾಟ್ ಬೇಕು, ಜಾಗ್ವಾರ್‌ನಲ್ಲಿ 1 ಮೆಗಾ ಓಮ್. ಒಂದು ಅಂಗಡಿಯವರು "ಎಲ್ಲಾ ಒಂದೇ ಸರ" ಅಂತ ರೇಡಿಯೋದ 10ಕೆ ಪಾಟ್ ಹಾಕಿಕೊಟ್ಟರು. ಗಿಟಾರ್ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತಿತ್ತು.

ಸಿಂಗಲ್ ಕಾಯಿಲ್ ಪಿಕಪ್ ಗುಂಯ್ ಅನ್ನುವುದು ಅದರ ಗುಣ. ಮನೆಯ 50 ಹರ್ಟ್ಸ್ ಕರೆಂಟನ್ನು ಅದು ಆಂಟೆನಾದಂತೆ ಹಿಡಿಯುತ್ತದೆ. ಟ್ಯೂಬ್‌ಲೈಟ್, ಚಾರ್ಜರ್‌ನಿಂದ ದೂರ ಕೂತು, ಕುರ್ಚಿ ಸ್ವಲ್ಪ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಕಡಿಮೆಯಾಗುತ್ತದೆ. ತಂತಿ ಮುಟ್ಟಿದಾಗ ಗುಂಯ್ ಇಳಿದರೆ ಗ್ರೌಂಡ್ ಸರಿ ಇದೆ. ಮುಟ್ಟಿದರೂ ಏನೂ ಬದಲಾಗದಿದ್ದರೆ ಬ್ರಿಜ್ಜಿಗೆ ಹೋಗುವ ಗ್ರೌಂಡ್ ವೈರ್ ಬಿಟ್ಟಿದೆ. ಮುಟ್ಟಿದಾಗ ಜಾಸ್ತಿಯಾದರೆ ಕೇಬಲ್ ಚುಚ್ಚುವ ಜ್ಯಾಕಿನ ಎರಡು ವೈರ್ ಅದಲುಬದಲು ಆಗಿವೆ.

ಪಿಕಪ್ಪಿನ ತಂತಿ ಕಡಿದಿದ್ದರೆ? ನಾನೊಮ್ಮೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗೆ ತಗೊಂಡು ಹೋದೆ. ಆ ಅಣ್ಣ ಕನ್ನಡಕ ಹಾಕಿಕೊಂಡು ನೋಡಿ, "ಇದು ನನ್ನ ತಲೆಕೂದಲಿಗಿಂತ ಸಣ್ಣ ಐತಲ್ಲೋ ತಮ್ಮಾ" ಅಂತ ನಕ್ಕ. ಅವನು ಹೇಳಿದ್ದು ಸರಿ. ಪಿಕಪ್ ತಂತಿ ಸುಮಾರು 0.06 ಮಿ.ಮೀ., ಒಂದು ಸ್ಟ್ರಾಟೋಕ್ಯಾಸ್ಟರ್ ಪಿಕಪ್ಪಿಗೆ 8 ಸಾವಿರದ ಹತ್ತಿರ ಸುತ್ತು. ಅವನಲ್ಲಿ ಆ ತಂತಿ ಇರಲಿಲ್ಲ. ಆದರೆ ಭೂತಗನ್ನಡಿ ಹಿಡಿದು ಹೊರಸುತ್ತಿನಲ್ಲೇ ಕಡಿದಿದ್ದ ತುದಿ ಹುಡುಕಿ ಬೆಸುಗೆ ಹಾಕಿಕೊಟ್ಟ. ಚಹಾದ ದುಡ್ಡೂ ತಗೊಳ್ಳಲಿಲ್ಲ. ಕಾಯಿಲ್ ಕಡಿಯುವುದು ಎಷ್ಟೋ ಸಲ ಆ ಹೊರತುದಿಯಲ್ಲೇ. ರೀವೈಂಡಿಂಗಿಗೆ ಕಳಿಸುವ ಮುಂಚೆ ಅಲ್ಲಿ ನೋಡಿ.

ಹಳೆಯ ಪಿಕಪ್ ಜೋರು ಸದ್ದಿನಲ್ಲಿ ಕೀಂಯ್ ಅಂತ ಕಿರುಚುತ್ತದೆ, ಮೈ ತಟ್ಟಿದರೂ ಮೈಕಿನಂತೆ ಕೇಳುತ್ತದೆ. ಮೇಣದಲ್ಲಿ ಅದ್ದಿ ಇದನ್ನು ನಿಲ್ಲಿಸಬಹುದು. ಗೋಲ್ಡ್ ಫಾಯಿಲ್ ತರಹದವಕ್ಕೆ ನಾನು ಹಾಗೆ ಮಾಡುವುದಿಲ್ಲ. ಬೆರಳಿನ ಉಸಿರೂ ಕೇಳುವ ಆ ಗುಣಕ್ಕಾಗಿಯೇ ಜನ ಅವನ್ನು ಹುಡುಕುವುದು. ಆಂಪಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ, ಸಾಕು.

ಹಳೆಯ ಆಂಪ್ ಜೊತೆಗೆ ಬಂದರೆ

ಇದನ್ನು ಮಾತ್ರ ಹಗುರವಾಗಿ ತಗೋಬೇಡಿ. ಅಮೆರಿಕದ ಆಂಪ್ 120 ವೋಲ್ಟಿನದು, ಜಪಾನಿನದು 100. ನಮ್ಮದು 230. ನೇರ ಹಾಕಿದರೆ ಹೊಗೆಯೇ ಗತಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕೆಲವು ಹಳೆಯ ಅಗ್ಗದ ವಾಲ್ವ್ ಆಂಪ್‌ಗಳಲ್ಲಿ ಮೇನ್ಸಿನಿಂದ ಬೇರೆ ಮಾಡುವ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅಂದರೆ ಗಿಟಾರಿನ ತಂತಿಗೇ ಕರೆಂಟ್ ಬರಬಹುದು. ಎರಡು ಪಿನ್ನಿನ ಪ್ಲಗ್ ಇದ್ದರೆ, ವಾಲ್ವ್ ಕೆಲಸ ಬಲ್ಲವರಿಗೆ ತೋರಿಸದೆ ಸ್ವಿಚ್ ಹಾಕಬೇಡಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ನಿಂತಿರುತ್ತದೆ. ಗಿಟಾರ್ ಬಿಚ್ಚಿದ ಧೈರ್ಯದಲ್ಲಿ ಆಂಪ್ ಬಿಚ್ಚಬೇಡಿ.

ಇಡುವುದು

ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಒಣಗಿ ಮರ ಕುಗ್ಗುತ್ತದೆ. ಫ್ರೆಟ್ಟಿನ ತುದಿ ಹೊರಬಂದು ಕೈ ಪರಚುತ್ತದೆ. ತಗಡಿನ ಸೂರಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ರಬ್ಬರಿನ ಸ್ಟ್ಯಾಂಡಿಗೆ ಹತ್ತಿ ಬಟ್ಟೆ ಸುತ್ತಿ, ಹಳೆಯ ಲ್ಯಾಕರ್ ರಬ್ಬರಿಗೆ ಅಂಟಿಕೊಳ್ಳುತ್ತದೆ. ಬೆಣ್ಣೆದೋಸೆ ತಿಂದ ಕೈ ತೊಳೆದೇ ಮುಟ್ಟಿ. ಬದಲಾಯಿಸಿದ ಪ್ರತಿ ಹಳೆಯ ಭಾಗವನ್ನೂ ಒಂದು ಕವರಿನಲ್ಲಿ ಹಾಕಿ, ಯಾವ ಗಿಟಾರಿನದು ಅಂತ ಬರೆದಿಡಿ.

ಕಡೆಯ ಕೆಲಸ: ಸ್ವಿಚ್ಚಿನ ಪಟ್ಟಿ

ಒಂದು ಹಾಳೆಯಲ್ಲಿ ಎಲ್ಲ ಸ್ವಿಚ್ ಜೋಡಣೆಗಳನ್ನು ಬರೆಯಿರಿ. ಮೂರು ಸ್ವಿಚ್ ಇದ್ದರೆ ಸದ್ದು ಬರುವ ಏಳು ಜೋಡಣೆ. ಒಂದೊಂದರಲ್ಲೂ ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಅದೇ ಒಂದು ಸಾಲು ನುಡಿಸಿ. ಎಫೆಕ್ಟ್ ಏನೂ ಬೇಡ. ಮುಂದೆ ಏನು ಕೇಳಿತು ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ನನ್ನ ಹಾಳೆಯಲ್ಲಿ "ತಗಡು", "ಮೂಗಿನಿಂದ ಹಾಡಿದ ಹಾಗೆ", "ಬಾವಿಯೊಳಗಿಂದ" ಅಂತೆಲ್ಲ ಇದೆ.

ಏಳರಲ್ಲಿ ಒಂದು ಜೋಡಣೆ ಎದುರು "ಉಪಯೋಗವಿಲ್ಲ" ಅಂತ ಬರೆದಿದ್ದೆ. ತುದಿಯ ಎರಡು ಪಿಕಪ್ ಆನ್, ನಡುವಿನದು ಆಫ್. ತೀರಾ ಸಣಕಲು ಸದ್ದು. ಮೊನ್ನೆ ಮಾಮ ಮನೆಗೆ ಬಂದಿದ್ದರು. ಗಿಟಾರ್ ಕೈಗೆ ಕೊಟ್ಟೆ. ಹಾಳೆ ನೋಡಲೇ ಇಲ್ಲ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು, ಬೆರಳಿನಿಂದ ನಡುವಿನ ಸ್ವಿಚ್ಚನ್ನು ಟಪ್ ಅಂತ ಆಫ್ ಮಾಡಿದರು.

"ಜಾತ್ರಿ ಗದ್ದಲದಾಗ ಇದೊಂದೇ ನೋಡಪ್ಪ ಹಿಂದ್ಲ ಸಾಲಿನ ತನಕ ಕೇಳ್ತಿತ್ತು" ಅಂದರು.